ಎರಡು ಸಬ್ಜೆಕ್ಟ್ ಉಳ್ಕೊಂಡಿದೆ, ಅಷ್ಟೆ

ಸ್ಕೂಟರಿನ ಟೈರಿಗೆ ಗಾಳಿ ಹಾಕಿಸಲು ನಿಂತಿದ್ದೆ. ಪೈಪು ಹಿಡಿದು ಕೂತಿದ್ದವನು ಮುಖ ಎತ್ತಿ ನೋಡಿ, ಕೈ ಒರೆಸಿಕೊಂಡು ಎದ್ದು ನಿಂತ. ‘ನಮಸ್ಕಾರ ಸಾ, ನಾನು ನಿಮ್ಮ ಸ್ಟೂಡೆಂಟು.’ ಹೆಸರು ಹೊಳೆಯಲಿಲ್ಲ, ಮುಖ ಹೊಳೆಯಿತು. ಕೊನೆಯ ಬೆಂಚು, ಕಿಟಕಿ ಪಕ್ಕ. ಡಿಗ್ರಿ ಆಯ್ತೇನಪ್ಪ ಅಂದೆ. ‘ಆಯ್ತು ಸಾ. ಎರಡು ಸಬ್ಜೆಕ್ಟ್ ಉಳ್ಕೊಂಡಿದೆ, ಅಷ್ಟೆ.’

ಈ ‘ಅಷ್ಟೆ’ ನನಗೆ ಹೊಸದಲ್ಲ. ಮದುವೆಮನೆಯ ಊಟದ ಸಾಲಿನಲ್ಲಿ ಅನ್ನ ಬಡಿಸುತ್ತಾ ಬಂದವನು ಹೇಳಿದ್ದಾನೆ, ಎಟಿಎಂ ಮುಂದೆ ಸ್ಟೂಲು ಹಾಕಿಕೊಂಡು ಕೂತವನು ಹೇಳಿದ್ದಾನೆ, ಕಂಕುಳಲ್ಲಿ ಕೂಸು ಹೊತ್ತು ಸಂತೆಯಲ್ಲಿ ಸಿಕ್ಕವಳು ಹೇಳಿದ್ದಾಳೆ. ‘ಕಾಲೇಜು ಬಿಟ್ಟೆ’ ಎಂದು ನೇರವಾಗಿ ಹೇಳುವವರು ಕಡಿಮೆ. ಹಿಂದಿನವರು ಹೆಸರಿನ ಮುಂದೆ ‘ಬಿ.ಎ. (ಫೇಲ್)’ ಎಂದು ಬರೆದುಕೊಳ್ಳುತ್ತಿದ್ದರಂತೆ. ಪಾಸಾಗದಿದ್ದರೇನು, ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು ಎಂಬ ಜಂಬ ಆ ಬ್ರಾಕೆಟ್ಟಿನೊಳಗಿತ್ತು. ಈಗ ಬ್ರಾಕೆಟ್ಟಿನ ಜಾಗಕ್ಕೆ ‘ಅಷ್ಟೆ’ ಬಂದು ಕೂತಿದೆ.

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತಾ ತಲೆ ನರೆಯಿತು. ಇಷ್ಟು ವರ್ಷದಲ್ಲಿ ‘ಸಾರ್, ನಾನು ಓದು ನಿಲ್ಲಿಸ್ತಾ ಇದ್ದೀನಿ’ ಎಂದು ಸ್ಟಾಫ್ ರೂಮಿಗೆ ಬಂದು ತಿಳಿಸಿ ಹೋದವರು ನಾಲ್ಕೈದು ಮಂದಿ ಇರಬಹುದು. ಉಳಿದವರೆಲ್ಲ ಹಾಜರಿ ಪುಸ್ತಕದಲ್ಲೇ ಕರಗಿಹೋದರು. ಮೊದಲು ಸೋಮವಾರ ಮಾತ್ರ ಇಂಗ್ಲಿಷಿನ ‘ಎ’. ಆಮೇಲೆ ವಾರಕ್ಕೆ ಮೂರು ‘ಎ’. ಆಮೇಲೆ ಸಾಲಿಡೀ ‘ಎ’. ಹತ್ತು ವರ್ಷದ ಹುಡುಗಿ ಶಾಲೆಗೆ ಬಾರದಿದ್ದರೆ ಮೇಷ್ಟ್ರು ಮನೆ ಬಾಗಿಲಿಗೆ ಹೋಗುತ್ತಾರೆ, ‘ಶಾಲೆ ಬಿಟ್ಟ ಮಕ್ಕಳು’ ಎಂದು ಮನೆ ಮನೆ ಸಮೀಕ್ಷೆ ನಡೆಯುತ್ತದೆ. ಆರರಿಂದ ಹದಿನಾಲ್ಕರವರೆಗಿನ ಓದನ್ನು ಸಂವಿಧಾನವೇ ಹಕ್ಕು ಎಂದಿದೆ. ಅದೇ ಹುಡುಗಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾಲೇಜಿಗೆ ಬಾರದಿದ್ದರೆ ಯಾರೂ ಹೋಗುವುದಿಲ್ಲ. ನಾನೂ ಹೋಗಿಲ್ಲ.

ಕಾಲೇಜುಗಳಿಗೇನೂ ನಮ್ಮಲ್ಲಿ ಬರವಿಲ್ಲ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ ಕಾಲೇಜು ವಯಸ್ಸಿನ ಪ್ರತಿ ಲಕ್ಷ ಮಂದಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿದ್ದವು. ಇಷ್ಟು ದಟ್ಟಣೆ ದೇಶದ ಬೇರೆ ಯಾವ ರಾಜ್ಯದಲ್ಲೂ ಇರಲಿಲ್ಲ. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 1,106 ಕಾಲೇಜುಗಳು. 18ರಿಂದ 23ರ ವಯೋಮಾನಕ್ಕೆ ಹೋಲಿಸಿದ ದಾಖಲಾತಿ ಪ್ರಮಾಣ ದೇಶದಲ್ಲಿ 28.4 ಇದ್ದರೆ ನಮ್ಮಲ್ಲಿ 36.2. ಸಂತೋಷ. ಆದರೆ ಇದೆಲ್ಲ ಬಾಗಿಲೊಳಗೆ ಬಂದವರ ತಲೆ ಎಣಿಕೆ. ಒಳಗೆ ಬಂದ ಅದೇ ಹುಡುಗ ಮೂರು ವರ್ಷದ ಮೇಲೆ ಪದವಿ ಹಿಡಿದು ಹೊರಗೆ ಹೋದನೇ ಎಂದು ಹೆಸರು ಹಿಡಿದು ನೋಡುವ ಅಭ್ಯಾಸ ನಮ್ಮ ಕಾಲೇಜುಗಳಿಗೆ ಅಂಟಲೇ ಇಲ್ಲ. ಫಲಿತಾಂಶದ ದಿನ ‘ಶೇ 90 ಪಾಸ್’ ಎಂದು ಬೋರ್ಡಿಗೆ ಬರೆಯುತ್ತೇವೆ. ಅದು ಪರೀಕ್ಷೆಗೆ ಕೂತವರಲ್ಲಿ ಶೇ 90. ಕೂರದವನು ಫೇಲ್ ಕೂಡ ಆಗುವುದಿಲ್ಲ. ಅಂಕಿಅಂಶದ ದೃಷ್ಟಿಯಲ್ಲಿ ಅವನು ತುಂಬ ಅನುಕೂಲದ ವಿದ್ಯಾರ್ಥಿ.

ದೊಡ್ಡ ಸಂಸ್ಥೆಗಳಲ್ಲಿ ಸಂಸತ್ತಿನ ಪ್ರಶ್ನೆಯ ನೆಪದಲ್ಲಾದರೂ ಲೆಕ್ಕ ಹೊರಬರುತ್ತದೆ. 2023ರ ಡಿಸೆಂಬರಿನಲ್ಲಿ ಶಿಕ್ಷಣ ಸಚಿವಾಲಯ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ, ಹಿಂದಿನ ಐದು ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ ಮತ್ತು ಐಐಎಂಗಳಿಂದ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ 13,626 ವಿದ್ಯಾರ್ಥಿಗಳು ಹೊರನಡೆದಿದ್ದರು. ಬೇರೆ ಕೋರ್ಸು, ಬೇರೆ ಸಂಸ್ಥೆ ಆರಿಸಿಕೊಂಡು ಹೋಗುವವರೂ ಇದ್ದಾರೆ ಎಂಬ ಸಮಜಾಯಿಷಿಯೂ ಅದರ ಜೊತೆಗಿತ್ತು. ಇರಬಹುದು. ನಮ್ಮ ಕಾಲೇಜಿನ ಹುಡುಗರಿಗೆ ಆರಿಸಿಕೊಳ್ಳಲು ಇನ್ನೊಂದು ಸಂಸ್ಥೆ ಇರುವುದಿಲ್ಲ. ಅವರು ಹೋಗುವುದು ಊರಿಗೆ, ಇಲ್ಲವೇ ಬೆಂಗಳೂರಿಗೆ.

ದಸರಾ ಕಳೆದ ಮೇಲೆ

ಬಿಡುವುದಕ್ಕೂ ಒಂದು ಋತುಮಾನವಿದೆ. ಅಡ್ಮಿಷನ್ ಮುಗಿದ ಹೊಸತರಲ್ಲಿ ಬೆಂಚು ಸಾಲದೆ ಹುಡುಗರು ಕಿಟಕಿ ಕಟ್ಟೆಯ ಮೇಲೆ ಕೂತಿರುತ್ತಾರೆ. ದಸರಾ ರಜೆ ಮುಗಿಯುವ ಹೊತ್ತಿಗೆ ಎಲ್ಲರಿಗೂ ಬೆಂಚು ಸಿಗುತ್ತದೆ. ದೀಪಾವಳಿ ಕಳೆದು ರಾಗಿ ಕೊಯ್ಲು ಬಂತೆಂದರೆ ಹಿಂದಿನ ಎರಡು ಸಾಲು ಖಾಲಿ. ಪರೀಕ್ಷೆ ಶುಲ್ಕ ಕಟ್ಟುವ ಕೊನೆಯ ದಿನಾಂಕದ ನೋಟಿಸು ಬಿದ್ದಾಗ ಮತ್ತೆ ಕೆಲವರು ಕಾಣಿಸಿಕೊಂಡು, ‘ಅಟೆಂಡೆನ್ಸ್ ಶಾರ್ಟೇಜ್ ಇದೆಯಾ ಸಾರ್’ ಎಂದು ಕೇಳುತ್ತಾರೆ. ಶೇ 75ರ ನಿಯಮ ಗೋಡೆಯ ಮೇಲಿದೆ. ಅದನ್ನು ಅಕ್ಷರಶಃ ಜಾರಿ ಮಾಡಿದರೆ ಕಾಲೇಜು ಮುಚ್ಚಬೇಕಾಗುತ್ತದೆಂಬುದು ಪ್ರಿನ್ಸಿಪಾಲರಿಗೂ ಗೊತ್ತು, ಹುಡುಗರಿಗೂ ಗೊತ್ತು.

ಮೊದಲ ವಾರಗಳಲ್ಲಿ ಜಾರುವವರನ್ನು ಗಮನಿಸಿದರೆ ಕಾರಣ ಬಹುಪಾಲು ಒಂದೇ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಿ.ಕಾಂ.ಗೋ ಬಿಸಿಎಗೋ ಸೇರಿದ ಹುಡುಗನಿಗೆ ಒಂದು ಬೆಳಿಗ್ಗೆ ಎಲ್ಲವೂ ಇಂಗ್ಲಿಷಾಗಿರುತ್ತದೆ. ಬಿ.ಎ.ಯಲ್ಲಿ ಕನ್ನಡದಲ್ಲೇ ಬರೆಯಬಹುದು. ಆದರೆ ‘ಬಿ.ಎ. ಓದಿ ಏನ್ ಮಾಡ್ತೀಯ’ ಎಂದು ಕೇಳುವ ಭಾವಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಹಾಗಾಗಿ ಹುಡುಗ ಬಿ.ಕಾಂ. ಅವನಿಗೆ ಜಮಾ-ಖರ್ಚು ಅರ್ಥವಾಗದ್ದೇನಲ್ಲ. ಅಪ್ಪನ ಅಂಗಡಿಯ ಉದ್ರಿ ಪುಸ್ತಕ ನೋಡಿಕೊಂಡವನೇ. ತನಗೆ ಗೊತ್ತಿರುವುದನ್ನೇ ತನಗೆ ಗೊತ್ತಿಲ್ಲದ ಭಾಷೆಯಲ್ಲಿ ಕೇಳಿದಾಗ, ನನಗೆ ಏನೂ ಗೊತ್ತಿಲ್ಲ ಎಂದೇ ಅವನು ತಿಳಿಯುತ್ತಾನೆ. ಈ ತಪ್ಪು ತಿಳಿವಳಿಕೆಯನ್ನು ಬಿಡಿಸುವವರು ಯಾರಾದರೂ ಮೊದಲ ತಿಂಗಳಲ್ಲೇ ಸಿಗಬೇಕು. ಸಿಗದಿದ್ದರೆ ಅವನು ಗೈಡು ಕೊಳ್ಳುತ್ತಾನೆ, ಗೈಡಿನ ಉತ್ತರವನ್ನು ಚಿತ್ರ ಬರೆದಂತೆ ನೋಡಿ ಬರೆದು ಬಾಯಿಪಾಠ ಮಾಡುತ್ತಾನೆ, ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೇಳಿದರೆ ಅಲ್ಲಿಗೆ ಮುಗಿಯಿತು.

ಹಾಗೆಂದು ಆ ಸೆಮಿಸ್ಟರಿನಲ್ಲಿ ಫೇಲಾದವನನ್ನು ಯಾರೂ ಮನೆಗೆ ಕಳಿಸುವುದಿಲ್ಲ. ಕ್ಯಾರಿ ಓವರ್ ಇದೆ. ಉಳಿದ ವಿಷಯಗಳನ್ನು ಹೊತ್ತುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಹುಡುಗರಿಗೆ ಅನುಕೂಲವಾಗಲೆಂದೇ ಮಾಡಿದ ಏರ್ಪಾಡಿದು, ಅನುಕೂಲವೂ ಹೌದು. ಆದರೆ ಸಾಲದ ಬಡ್ಡಿಯಂತೆ ಅದು ಕಣ್ಣಿಗೆ ಕಾಣದೆ ಬೆಳೆಯುತ್ತದೆ. ಮೊದಲ ಸೆಮಿಸ್ಟರಿನ ಮೂರು, ಎರಡರ ನಾಲ್ಕು, ಮೂರನೆಯದು ಬರುವ ಹೊತ್ತಿಗೆ ಒಂದೇ ತಿಂಗಳಲ್ಲಿ ಹದಿಮೂರು ಪೇಪರು ಬರೆಯಬೇಕಾದ ಸ್ಥಿತಿ. ಪ್ರತಿಯೊಂದಕ್ಕೂ ಬೇರೆ ಶುಲ್ಕ. ಎಂಜಿನಿಯರಿಂಗಿನಲ್ಲಿ ಇದೇ ಸಂಕಟಕ್ಕೆ ‘ಇಯರ್ ಬ್ಯಾಕ್’ ಎಂಬ ಹೆಸರಿದೆ. ವಿಟಿಯು ಹುಡುಗರನ್ನು ನಡುರಾತ್ರಿ ಎಬ್ಬಿಸಿ ಕೇಳಿ, ಎಷ್ಟೋ ಜನ ‘ಎಂ-ತ್ರೀ’ ಎನ್ನುತ್ತಾರೆ, ಮೂರನೇ ಸೆಮಿಸ್ಟರಿನ ಗಣಿತ. ಅಲ್ಲಿ ಹುಡುಗ ಒಂದು ವರ್ಷ ಮನೆಯಲ್ಲಿ ಕೂತು ಪಕ್ಕದ ಮನೆಯವರ ಕಣ್ಣಿಗಾದರೂ ಬೀಳುತ್ತಾನೆ. ನಮ್ಮಲ್ಲಿ ಹುಡುಗ ಮೂರನೇ ವರ್ಷದ ಗ್ರೂಪ್ ಫೋಟೊದಲ್ಲಿ ನಿಂತಿರುತ್ತಾನೆ, ಬೀಳ್ಕೊಡುಗೆಯಲ್ಲಿ ಕುಣಿದಿರುತ್ತಾನೆ, ಮನೆಯವರ ಪಾಲಿಗೆ ಡಿಗ್ರಿ ಮುಗಿಸಿರುತ್ತಾನೆ. ಒಳಗೆ ಒಂಬತ್ತು ಪೇಪರು ಕೊಳೆಯುತ್ತಿರುತ್ತವೆ. ಒಂಬತ್ತು ಎಂದು ಹೇಳಲು ನಾಚಿಕೆಯಾಗಿ ಎರಡು ಎನ್ನುತ್ತಾನೆ.

ಇದರ ಮೇಲೆ ನಾವು, ಅಂದರೆ ವ್ಯವಸ್ಥೆ ಎಂದು ಕರೆಸಿಕೊಳ್ಳುವವರು, ಮಾಡಿದ್ದೂ ಕಡಿಮೆಯಿಲ್ಲ. 2021-22ರಲ್ಲಿ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, ಪದವಿ ನಾಲ್ಕು ವರ್ಷವಾಯಿತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಎಂದರು. ಬಿಟ್ಟವನಿಗೂ ಒಂದು ಕಾಗದ ಸಿಗಲಿ ಎಂಬ ಆಶಯ ಒಳ್ಳೆಯದೇ. ಆದರೆ ಬಿಡುವವನು ವರ್ಷದ ಕೊನೆಗೆ ಎಲ್ಲ ವಿಷಯ ಪಾಸು ಮಾಡಿ, ಅರ್ಜಿ ಬರೆದು ಬಿಡುತ್ತಾನೆ ಎಂದುಕೊಂಡವರು ನಮ್ಮ ಹಿಂದಿನ ಬೆಂಚನ್ನು ನೋಡಿದವರಲ್ಲ. 2024-25ಕ್ಕೆ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದೇ ಕಾರಿಡಾರಿನಲ್ಲಿ ಹಳೇ ಸ್ಕೀಮು, ಎನ್‌ಇಪಿ, ರಾಜ್ಯದ್ದೇ ನೀತಿಯಾದ ಎಸ್‌ಇಪಿ ಮೂರೂ ಓಡಾಡಿದವು. ಹಳೇ ಪೇಪರು ಉಳಿಸಿಕೊಂಡವನಿಗೆ ತನ್ನ ಸಿಲೆಬಸ್ ಯಾವುದೆಂದು ಹೇಳಲು ನಮಗೇ ಅರ್ಧ ದಿನ ಬೇಕಾಗುತ್ತಿತ್ತು. ಇನ್ನು ಸುಮಾರು 430 ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ನವೆಂಬರ್ 23ರಿಂದ ಅವರು ಕಾಯಮಾತಿ ಕೇಳಿ ಮುಷ್ಕರ ಹೂಡಿದರು. ತಿಂಗಳಿಗೂ ಹೆಚ್ಚು ಕಾಲ ಪಾಠ ನಿಂತಿತು. ಅವರ ಬೇಡಿಕೆಯಲ್ಲಿ ನ್ಯಾಯವಿತ್ತು. ಆದರೆ ಮೂವತ್ತು ಕಿಲೋಮೀಟರಿನಿಂದ ಬಂದು ಖಾಲಿ ಕ್ಲಾಸ್‌ರೂಮು ನೋಡಿ ಹಿಂದಿರುಗಿದ ಹುಡುಗ ಮೂರನೇ ದಿನಕ್ಕೆ ಒಂದು ಲೆಕ್ಕಾಚಾರ ಮಾಡಿರುತ್ತಾನೆ. ಬರದೆ ಇದ್ದರೂ ಏನೂ ಆಗುವುದಿಲ್ಲ ಎಂಬ ಲೆಕ್ಕಾಚಾರ. ಒಮ್ಮೆ ಅದು ತಲೆಗೆ ಬಂದರೆ ಬಿಡಿಸುವುದು ಕಷ್ಟ.

ಹುಡುಗರ ಗಡಿಯಾರ, ಹುಡುಗಿಯರ ಗಡಿಯಾರ

ಹತ್ತು-ಹದಿನೈದು ವರ್ಷಗಳಿಂದ ಒಂದು ಬದಲಾವಣೆ ಕಣ್ಣೆದುರೇ ನಡೆದಿದೆ. ಕ್ಲಾಸಿನ ಮುಂದಿನ ಸಾಲುಗಳೆಲ್ಲ ಹುಡುಗಿಯರವು, ಘಟಿಕೋತ್ಸವದ ಚಿನ್ನದ ಪದಕಗಳ ಪಟ್ಟಿಯಲ್ಲೂ ಅವರೇ. ಹುಡುಗಿಯರು ಹೆಚ್ಚು ಶ್ರದ್ಧೆಯವರು ಎಂದು ಎಲ್ಲರೂ ಹೇಳುತ್ತಾರೆ. ಶ್ರದ್ಧೆ ಎಂಬ ಮಾತು ನನಗೆ ಅಷ್ಟು ಒಪ್ಪಿಗೆಯಿಲ್ಲ. ಇಬ್ಬರ ಗಡಿಯಾರವೂ ಬೇರೆ ಬೇರೆ.

ಹುಡುಗನ ಗಡಿಯಾರದಲ್ಲಿ ಕಾಲೇಜಿನ ಪ್ರತಿ ತಿಂಗಳೂ ಕಳೆದುಕೊಂಡ ಸಂಬಳ. ಅವನ ಜೊತೆ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿದವನು ಬಿಡದಿಯಲ್ಲೋ ಪೀಣ್ಯದಲ್ಲೋ ಕಾಂಟ್ರ್ಯಾಕ್ಟಿನ ಮೇಲೆ ದುಡಿಯುತ್ತಾ ಹಬ್ಬಕ್ಕೆ ಬೈಕಿನಲ್ಲಿ ಬರುತ್ತಾನೆ. ಕೇಟರಿಂಗಿಗೆ ಹೋದರೆ ರಾತ್ರಿಯೇ ಕೈಗೆ ದುಡ್ಡು. ಮದುವೆ ಸೀಸನ್ನಿನಲ್ಲಿ ನನ್ನ ಕ್ಲಾಸು ಅರ್ಧ ಖಾಲಿ ಇರುವುದಕ್ಕೆ ಅಧ್ಯಾಪಕನ ಪಾಠ ಕಾರಣವಲ್ಲ ಎಂದು ನಂಬಿ ಸಮಾಧಾನಪಟ್ಟುಕೊಂಡಿದ್ದೇನೆ. ಬೆಂಗಳೂರಿಗೆ ‘ಒಂದು ತಿಂಗಳು ಡೆಲಿವರಿ ಮಾಡಿ ಫೀಸಿಗೆ ದುಡ್ಡು ಮಾಡ್ಕೊಂಡು ಬರ್ತೀನಿ’ ಎಂದು ಹೋದವನು ಫೀಸಿನಷ್ಟು ದುಡಿಯುತ್ತಾನೆ. ಬರುವುದಿಲ್ಲ. ಅಷ್ಟರಲ್ಲಿ ಫೋನಿನ ಕಂತು ಶುರುವಾಗಿರುತ್ತದೆ, ತಂಗಿಯ ಮೈನೆರೆದ ಕಾರ್ಯಕ್ಕೆ ಅವನೇ ದುಡ್ಡು ಕಳಿಸಿರುತ್ತಾನೆ. ಅಪ್ಪ ಸಾಲ ತೀರಿಸಿರುತ್ತಾನೆ. ಅಂಥ ಮನೆಯಲ್ಲಿ ‘ವಾಪಸ್ ಕಾಲೇಜಿಗೆ ಹೋಗು’ ಎನ್ನುವ ಬಾಯಿ ಯಾರದ್ದು?

ಹುಡುಗಿಯ ಗಡಿಯಾರದಲ್ಲಿ ಓಡುವುದು ಮದುವೆಯ ಮುಳ್ಳು. ಕಾನೂನಿನ ಹದಿನೆಂಟು ತುಂಬುವುದೂ ಪದವಿಯ ಮೊದಲ ವರ್ಷವೂ ಒಂದೇ ಕಾಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24ರ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ನನ್ನ ತರಗತಿಗೆ ಬಂದು ಕೂತ ಹುಡುಗಿ ಒಂದು ಜರಡಿ ದಾಟಿಯೇ ಬಂದವಳು. ಅವಳ ಪಾಲಿಗೆ ಓದು ಸಂಬಳದ ನಷ್ಟವಲ್ಲ, ಕೊಂಡುಕೊಂಡ ಸಮಯ. ‘ಡಿಗ್ರಿ ಮುಗೀಲಿ, ಆಮೇಲೆ ನೋಡೋಣ’ ಎಂದು ಅಪ್ಪ ನೆಂಟರಿಗೆ ಹೇಳುವ ತನಕ ಅವಳು ಸುರಕ್ಷಿತ. ಆ ಮಾತು ಅಪ್ಪನ ಬಾಯಲ್ಲಿ ಉಳಿಯಬೇಕಾದರೆ ಒಂದು ವಿಷಯದಲ್ಲೂ ಫೇಲಾಗುವಂತಿಲ್ಲ. ಫೇಲಾದ ದಿನ ಫೋಟೊ ಸ್ಟುಡಿಯೊಗೆ ಕರೆದೊಯ್ಯುತ್ತಾರೆ. ನಾವು ಶ್ರದ್ಧೆ ಎಂದು ಹೊಗಳುವುದರಲ್ಲಿ ಅರ್ಧ ಭಯ. ದೂರದ ಊರಿನ ಹುಡುಗಿಯೊಬ್ಬಳು ಒಮ್ಮೆ, ‘ಎಂ.ಎ.ಗೆ ಎಷ್ಟು ವರ್ಷ ಸಾರ್? ಅದಾದ ಮೇಲೆ ಬಿ.ಎಡ್.ಗೆ ಎಷ್ಟು?’ ಎಂದು ಬೆರಳು ಮಡಚಿ ಎಣಿಸಿದ್ದನ್ನು ನೋಡಿದ್ದೇನೆ. ಕೋರ್ಸು ಮುಗಿಯಲು ಎಷ್ಟು ವರ್ಷ ಎಂಬುದು ಅವಳಿಗೆ ಬೇಕಿರಲಿಲ್ಲ, ಎಷ್ಟು ವರ್ಷ ಸಿಗುತ್ತದೆ ಎಂಬುದು ಬೇಕಿತ್ತು.

ಬಸ್ಸಿನದ್ದೂ ಒಂದು ಪಾತ್ರವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಪೇಟೆಯಲ್ಲಿ ಬೇಕಾದಷ್ಟು ಕುಹಕ ಕೇಳಿದೆವು. ಕಾಲೇಜಿನಲ್ಲಿ ನಮಗೆ ಕಂಡದ್ದು ಬೇರೆ. ಮೊದಲೆಲ್ಲ ಪಾಸು ಮಾಡಿಸಲು ದುಡ್ಡು ಹೊಂದುವ ತನಕ ವಾರಗಟ್ಟಲೆ ಗೈರಾಗುತ್ತಿದ್ದವರು ಮೊದಲ ದಿನದಿಂದ ಬಂದರು. ಬಾಗಿಲಲ್ಲಿ ಜೋತುಬಿದ್ದ ಹುಡುಗರ ಗೊಣಗಾಟವೂ ನಿಜವೇ. ಬೆಳಗಿನ ಒಂದು ಬಸ್ಸು, ಸಂಜೆಯ ಒಂದು ಬಸ್ಸು ಇರುವ ಊರಲ್ಲಿ ಬಸ್ಸು ನಿಲ್ಲಿಸದೆ ಹೋದರೆ ಅವತ್ತಿನ ಕಾಲೇಜು ಹೋಯಿತು. ಡಿಪೊ ಮ್ಯಾನೇಜರು ಒಂದು ರೂಟಿನ ಸಮಯ ಅರ್ಧ ಗಂಟೆ ಬದಲಿಸಿದ್ದಕ್ಕೆ ಒಂದಿಡೀ ಊರಿನ ವಿದ್ಯಾರ್ಥಿಗಳು ಮೊದಲ ಎರಡು ಪೀರಿಯಡ್ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಯಾವ ಶಿಕ್ಷಣ ನೀತಿಯ ವರದಿಯಲ್ಲೂ ಡಿಪೊ ಮ್ಯಾನೇಜರ ಹೆಸರಿರುವುದಿಲ್ಲ.

2022ರ ಫೆಬ್ರುವರಿಯಲ್ಲಿ ಮಾತ್ರ ಹಿಜಾಬ್ ಧರಿಸಿ ಬಂದ ಹುಡುಗಿಯರನ್ನು ಗೇಟಿನಲ್ಲೇ ತಡೆದದ್ದೂ ಆಯಿತು. ಸಮವಸ್ತ್ರದ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು ಎಲ್ಲವೂ ದಾಖಲೆಯಲ್ಲಿವೆ. ಆ ಗಲಾಟೆಯಲ್ಲಿ ಟಿ.ಸಿ. ಪಡೆದು ಹೋದ, ಅಥವಾ ಟಿ.ಸಿ. ಕೂಡ ಕೇಳದೆ ಹೋದ ಹುಡುಗಿಯರು ಎಲ್ಲಿ ತಲುಪಿದರು ಎಂದು ಆಮೇಲೆ ಹುಡುಕಿದವರು ಕೆಲವೇ ಮಂದಿ.

ಅನ್ನ, ಚಾಪೆ, ದೀಪ

ಓದುವವರನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ಈ ನಾಡಿಗೆ ಹೊಸ ವಿದ್ಯೆಯಲ್ಲ. ಹುಡುಗ ಓದು ಮುಗಿಸಬೇಕಾದರೆ ಮೊದಲು ಅನ್ನ, ಮಲಗಲು ಒಂದು ಚಾಪೆ, ರಾತ್ರಿ ಒಂದು ದೀಪ ಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ವಾರಾನ್ನ ಎಂಬ ಪದ್ಧತಿಯೇ ಇತ್ತು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರಲ್ಲಿ ಜಾತಿಯ ಗೋಡೆಯಿತ್ತು, ಹಂಗಿತ್ತು, ಬುಧವಾರದ ಮನೆಯವರು ಊರಿಗೆ ಹೋದರೆ ಉಪವಾಸವಿತ್ತು. ಮೈಸೂರಿನಲ್ಲಿ ತಾತಯ್ಯ ವೆಂಕಟಕೃಷ್ಣಯ್ಯನವರು ಬಡ ಹುಡುಗರಿಗಾಗಿ ಅನಾಥಾಲಯ ತೆರೆದರು. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಉತ್ತರ ಕರ್ನಾಟಕದ ಆಡಳಿತ, ಸಾಹಿತ್ಯ ಎರಡನ್ನೂ ತುಂಬಿದರು. ಸಿದ್ಧಗಂಗೆಯ ಒಲೆ ಆರಿದ್ದನ್ನು ಕಂಡವರಿಲ್ಲ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ದಿನಗಳ ಬಗ್ಗೆ ಸಿದ್ಧಲಿಂಗಯ್ಯ ಆತ್ಮಕಥೆ ‘ಊರುಕೇರಿ’ಯಲ್ಲಿ ಬರೆದಿದ್ದಾರೆ. ಹಾಸ್ಟೆಲ್ ಎಂದರೆ ಊಟ-ವಸತಿಯಷ್ಟೇ ಎಂದುಕೊಂಡವರು ಅದನ್ನು ಓದಬೇಕು. ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕುಗಳಿಗೆ ಬಂದವು. ನಮ್ಮ ಅಧ್ಯಾಪಕರ ತಲೆಮಾರಿನಲ್ಲಿ ಅರ್ಧದಷ್ಟು ಜನ ಆ ಹಾಸ್ಟೆಲಿನ ಸಾರು ಕುಡಿದೇ ಬಂದವರು. ಆ ಸಾರನ್ನು ಬೈಯದೆ ಇರುವವರು ಯಾರೂ ಇಲ್ಲ, ಮರೆತವರೂ ಇಲ್ಲ.

ಹಾಸ್ಟೆಲಿನ ಗುಟ್ಟು ಊಟದ ಜೊತೆ ಇನ್ನೊಂದಿದೆ. ಅಲ್ಲಿ ಗೈರುಹಾಜರಿ ಮುಚ್ಚಿಡಲು ಆಗುವುದಿಲ್ಲ. ರಾತ್ರಿ ತಟ್ಟೆ ಒಂದು ಉಳಿದರೆ ಅಡುಗೆಯವನೇ ಕೇಳುತ್ತಾನೆ, ‘ಅವನೆಲ್ಲಿ?’ ಎಂದು. ಇಂಗ್ಲಿಷ್ ಬಾರದವನ ಪಕ್ಕದ ಚಾಪೆಯಲ್ಲಿ ಹಿಂದಿನ ವರ್ಷ ಅದೇ ಪೇಪರಿನಲ್ಲಿ ಒದ್ದಾಡಿ ಪಾಸಾದವನು ಮಲಗಿರುತ್ತಾನೆ.

ಈಗ ಹಾಸ್ಟೆಲ್ ಸೀಟಿಗೆ ಪೈಪೋಟಿ. ಸೀಟು ಸಿಗದವರಿಗೆಂದು 2013ರಲ್ಲಿ ಶುರುವಾದ ವಿದ್ಯಾಸಿರಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ಯೋಜನೆಯಾಗಿತ್ತು. 2021ರಲ್ಲಿ ರೈತರ ಮಕ್ಕಳಿಗೆ ವಿದ್ಯಾನಿಧಿ ಬಂತು, ಬಿ.ಎ., ಬಿ.ಕಾಂ. ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500. ದುಡ್ಡು ಬಂದರೆ ಒಳ್ಳೆಯದೇ. ಆದರೆ ವಿದ್ಯಾರ್ಥಿವೇತನ ಖಾತೆಗೆ ಬೀಳುವ ಹೊತ್ತಿಗೆ ಶುಲ್ಕದ ಕೊನೆಯ ದಿನ ದಾಟಿರುತ್ತದೆ. ಆಧಾರ್ ಜೋಡಣೆಯಾಗಿಲ್ಲ, ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿದೆ ಎಂದು ಸೈಬರ್ ಸೆಂಟರಿಗೆ ಅಲೆದದ್ದೇ ಒಂದು ಸೆಮಿಸ್ಟರು. 2024ರ ಜನವರಿಯಲ್ಲಿ ಯುವನಿಧಿ ಶುರುವಾಯಿತು, ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000. ಓದುವಾಗ 1,500, ಓದಿ ಸುಮ್ಮನೆ ಕೂತಾಗ 3,000. ಅರ್ಥಶಾಸ್ತ್ರದ ಮೇಷ್ಟ್ರಾಗಿ ಈ ದರಪಟ್ಟಿಯ ಬಗ್ಗೆ ನನಗೊಂದು ಅನುಮಾನ ಉಳಿದೇ ಇದೆ. ಎರಡು ಸಬ್ಜೆಕ್ಟ್ ಉಳಿಸಿಕೊಂಡವನಂತೂ ಎರಡೂ ಕಡೆಗೆ ಸಲ್ಲದವನು.

ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1975ರಲ್ಲಿ ಕಾಲೇಜು ಬಿಡುವವರ ಬಗ್ಗೆ ಬರೆದದ್ದನ್ನು ಈಗಲೂ ಎಲ್ಲರೂ ಉಲ್ಲೇಖಿಸುತ್ತಾರೆ. ಕಾಲೇಜಿನ ಓದಿನ ಬದುಕಿನಲ್ಲೂ ಒಡನಾಟದ ಬದುಕಿನಲ್ಲೂ ಬೆರೆತವನು ಉಳಿಯುತ್ತಾನೆ, ಬೆರೆಯದವನು ಹೋಗುತ್ತಾನೆ ಎಂಬುದು ಅವನ ವಾದದ ತಿರುಳು. ಇದಕ್ಕೆ ಅವನು ಬುನಾದಿ ಮಾಡಿಕೊಂಡದ್ದು ಆತ್ಮಹತ್ಯೆಯ ಬಗ್ಗೆ ಡರ್ಕೈಮ್ ಬರೆದದ್ದನ್ನು, ಅಂದರೆ ಸಮಾಜದಿಂದ ಕಳಚಿಕೊಳ್ಳುವುದನ್ನು. ಹೋಲಿಕೆ ಅತಿಯಾಯಿತು ಎನ್ನಿಸಿದರೂ, ಕೊನೆಯ ಬೆಂಚಿನ ಮೌನವನ್ನು ನೋಡಿದವರಿಗೆ ಪೂರ್ತಿ ಅತಿ ಎನ್ನಿಸದು. ನಮ್ಮಲ್ಲಿ ತೊಡಕೆಂದರೆ, ಒಡನಾಟ ಬೆಳೆಯಲು ಹುಡುಗ ಕಾಲೇಜಿನಲ್ಲಿ ಇರಬೇಕಲ್ಲ. ಎರಡು ಗಂಟೆಯ ಬಸ್ಸು ತಪ್ಪಿದರೆ ಆರಕ್ಕೇ ಮತ್ತೊಂದು. ನಮ್ಮ ಹುಡುಗರ ಕ್ಯಾಂಪಸ್ಸು ಬಸ್ ಸ್ಟ್ಯಾಂಡು.

ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಎರಡು ವರ್ಷದ ಕಾಲೇಜುಗಳಲ್ಲಿ ‘ಎಎಸ್‌ಎಪಿ’ ಎಂಬ ಕಾರ್ಯಕ್ರಮ ತಂದಿತು. ಬಡ ಮಕ್ಕಳು, ದುಡಿಯುತ್ತಾ ಓದುವವರು. ಶುಲ್ಕದ ಕೊರತೆ ತುಂಬಿದರು, ಪುಸ್ತಕಕ್ಕೆ ನೆರವಾದರು, ಮೆಟ್ರೊ ಕಾರ್ಡು ಕೊಟ್ಟರು, ಅದರ ಜೊತೆ ಸಲಹೆಗಾರರನ್ನು ಆಗಾಗ ಭೇಟಿಯಾಗಲೇಬೇಕೆಂದು ಕಟ್ಟಳೆ ಹಾಕಿದರು. ಚೀಟಿ ಎತ್ತಿದಂತೆ ಇಬ್ಭಾಗ ಮಾಡಿ ಪರೀಕ್ಷಿಸಿದಾಗ, ಕಾರ್ಯಕ್ರಮದಲ್ಲಿದ್ದವರಲ್ಲಿ ಶೇ 40 ಮಂದಿ ಮೂರು ವರ್ಷದೊಳಗೆ ಮುಗಿಸಿದರು, ಇಲ್ಲದವರಲ್ಲಿ ಶೇ 22. ಬುದ್ಧಿವಂತಿಕೆ ಎರಡೂ ಗುಂಪಿನಲ್ಲಿ ಒಂದೇ, ಬಡತನವೂ ಒಂದೇ. ಬಸ್ಸಿನ ಕಾಸೂ ‘ಯಾಕೆ ಬರ್ಲಿಲ್ಲ’ ಎಂದು ಕೇಳುವ ಒಬ್ಬ ಮನುಷ್ಯನೂ ಸೇರಿದಾಗ ಫಲಿತಾಂಶ ಹತ್ತಿರ ಹತ್ತಿರ ಎರಡು ಪಟ್ಟು.

ಕೇಳುವ ಮನುಷ್ಯ ನಮ್ಮ ಕಾಲೇಜಿನಲ್ಲೂ ಇದ್ದಾನೆ, ಕಡತದಲ್ಲಿ. ‘ಮೆಂಟರ್-ಮೆಂಟಿ ರಿಜಿಸ್ಟರ್’ ಎಂದು ಅದರ ಹೆಸರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ವಾರ ನಾವೆಲ್ಲ ಕೂತು, ಬೇರೆ ಬೇರೆ ಬಣ್ಣದ ಪೆನ್ನು ಬಳಸಿ, ಮೂರು ವರ್ಷದ ಆಪ್ತ ಸಮಾಲೋಚನೆಯನ್ನು ಎರಡು ಸಂಜೆಯಲ್ಲಿ ಮುಗಿಸಿದ್ದೇವೆ. ಆ ಪಟ್ಟಿಯಲ್ಲಿ ನನ್ನ ಪಾಲಿಗೆ ಬಂದ ಒಬ್ಬ ಹುಡುಗನ ಹೆಸರಿನ ಮುಂದೆ ‘ಇಂಗ್ಲಿಷ್ ಸುಧಾರಿಸಿದೆ’ ಎಂದು ಬರೆದೆ. ಅವನು ಕಾಲೇಜು ಬಿಟ್ಟು ಏಳು ತಿಂಗಳಾಗಿತ್ತು. ಹಾಜರಿ ಪುಸ್ತಕದಲ್ಲಿ ಅವನ ಸಾಲಿಗೆ ಕೆಂಪು ಗೆರೆ ಎಳೆದವನೂ ನಾನೇ.

ಮುಗಿಸಿದವರನ್ನು ನೆನೆದರೆ ನನಗೆ ಜೋಡಿಗಳೇ ಕಣ್ಣಮುಂದೆ ಬರುತ್ತವೆ. ಒಂದೇ ಊರಿನಿಂದ ಒಂದೇ ಬಸ್ಸಿಗೆ ಬರುವ ಇಬ್ಬರು ಹುಡುಗಿಯರು, ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ನೋಟ್ಸ್ ಎರಡು ಬರೆಯುತ್ತಾಳೆ. ಒಬ್ಬಳನ್ನು ನೋಡಲು ಗಂಡಿನವರು ಬಂದರೆ ಇನ್ನೊಬ್ಬಳೇ ಆಕೆಯ ಅಮ್ಮನ ಹತ್ತಿರ ಮಾತಾಡುತ್ತಾಳೆ. ಒಂಟಿಯಾಗಿ ಬರುವ ಜಾಣ ಹುಡುಗ ಬಿಟ್ಟಿದ್ದಾನೆ, ಜೋಡಿಯಾಗಿ ಬರುವ ಸಾಧಾರಣ ಹುಡುಗರು ಉಜ್ಜಿಕೊಂಡು ಮುಗಿಸಿದ್ದಾರೆ. ಇದಕ್ಕೆ ನನ್ನಲ್ಲಿ ಸಮೀಕ್ಷೆಯಿಲ್ಲ, ಇಪ್ಪತ್ತು ಚಿಲ್ಲರೆ ಹಾಜರಿ ಪುಸ್ತಕಗಳಿವೆ. ನಮ್ಮ ಕಾಲೇಜಿನ ಅಟೆಂಡರೊಬ್ಬರು, ಈಗ ನಿವೃತ್ತರು, ಶುಲ್ಕದ ಕೊನೆಯ ದಿನ ಮಧ್ಯಾಹ್ನ ಕಟ್ಟದವರ ಪಟ್ಟಿ ಹಿಡಿದು ತಮ್ಮ ಫೋನಿನಿಂದ ಒಬ್ಬೊಬ್ಬರಿಗೂ ಕರೆ ಮಾಡುತ್ತಿದ್ದರು. ‘ಲೇ, ಎಲ್ಲಿದೀಯೋ? ನಾಲ್ಕು ಗಂಟೆಗೆ ಕೌಂಟ್ರು ಮುಚ್ತದೆ.’ ಅವರ ಕೆಲಸದ ಪಟ್ಟಿಯಲ್ಲಿ ಇದಿರಲಿಲ್ಲ. ಅವರು ನಿವೃತ್ತರಾದ ವರ್ಷ ಶುಲ್ಕ ಆನ್‌ಲೈನ್ ಆಯಿತು.

ಬಿಟ್ಟವರು ಮರಳುವ ದಾರಿ ನಮ್ಮಲ್ಲಿ ಮೊದಲಿನಿಂದಲೂ ಇದೆ. 1942ರಲ್ಲಿ ಸೆಂಟ್ರಲ್ ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟು ಚಳವಳಿಗೆ ಹೋಗಿ ಜೈಲು ಕಂಡ ಎಚ್. ನರಸಿಂಹಯ್ಯನವರು ಹಿಂತಿರುಗಿ ಬಂದು ಪದವಿ ಮುಗಿಸಿದರು, ಮುಂದೆ ಕುಲಪತಿಯೂ ಆದರು. ಹಾಗೆ ಮರಳುವ ಸಾಮಾನ್ಯರಿಗೆ 1996ರಿಂದ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ದೊಡ್ಡ ಆಸರೆಯಾಗಿತ್ತು. 2013-14ರಿಂದ ಅನ್ವಯವಾಗುವಂತೆ ಯುಜಿಸಿ ಅದರ ಮಾನ್ಯತೆ ತೆಗೆದಾಗ, ಗಾರ್ಮೆಂಟ್ಸಿನಿಂದ ಬಂದು ಭಾನುವಾರ ಓದಿದವರ ಕಾಗದ ಕೈಯಲ್ಲೇ ಉಳಿಯಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಒಮ್ಮೆ ಬಿಟ್ಟವರನ್ನು ಎರಡನೇ ಸಲವೂ ಬಿಡಿಸಿದ ಐದು ವರ್ಷ ಅದು.

ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪದವಿ ಮುಗಿಸಲು ಕೋರ್ಸಿನ ಎರಡು ಪಟ್ಟು ಅವಧಿ. ಅದೂ ದಾಟಿದವರಿಗೆ ಆಗೊಮ್ಮೆ ಈಗೊಮ್ಮೆ ‘ಸುವರ್ಣಾವಕಾಶ’ ಎಂಬ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಅಂಥ ಒಂದು ಪ್ರಕಟಣೆಯನ್ನು ಕತ್ತರಿಸಿಕೊಂಡು, ಕಳೆದ ವರ್ಷ ಒಬ್ಬಾಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಜೊತೆಗೆ ಏಳೆಂಟು ವರ್ಷದ ಮಗ, ಶಾಲೆಗೆ ರಜೆಯಿತ್ತೇನೋ. ಎರಡೇ ಸಬ್ಜೆಕ್ಟ್ ಎಂದಳು. ಅಂಕಪಟ್ಟಿ ತೆಗೆಸಿ ನೋಡಿದೆ, ನಿಜವಾಗಿಯೂ ಎರಡೇ. ಒಂದು ನನ್ನದೇ ಪೇಪರು, ಈಗ ಪಾಠದಲ್ಲಿಲ್ಲದ ಹಳೇ ಸ್ಕೀಮಿನದು. ಗೈಡು ಎಲ್ಲೂ ಸಿಗುತ್ತಿಲ್ಲ ಸಾರ್ ಎಂದಳು.

ಲೈಬ್ರರಿಯ ಕೆಳಗಿನ ಕಪಾಟಿನಲ್ಲಿ ಹುಡುಕಿ, ರಟ್ಟು ಕಿತ್ತ ಒಂದು ಪ್ರತಿ ಸಿಕ್ಕಿತು. ಲೈಬ್ರರಿಯನ್ ಕಂಪ್ಯೂಟರಿನಲ್ಲಿ ಆಕೆಯ ರಿಜಿಸ್ಟರ್ ನಂಬರು ಹಾಕಿದರು, ಬರಲಿಲ್ಲ. ‘ಇವರು ನಮ್ಮ ಸಿಸ್ಟಮ್ಮಿನಲ್ಲಿ ಇಲ್ಲ ಸಾರ್, ಯಾರ ಹೆಸರಿಗೆ ಕೊಡ್ಲಿ?’ ಎಂದರು. ನನ್ನ ಹೆಸರಿಗೇ ಬರೆಸಿದೆ. ಹುಡುಗ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹದಿನೈದು ದಿನದ ವಾಯಿದೆ. ಪುಸ್ತಕ ಇನ್ನೂ ಬಂದಿಲ್ಲ, ನಾನೂ ಕೇಳಿಲ್ಲ.